ಹತ್ತುವ ಮೀನಿಗೆ ಕಲ್ಲಿನ ಮೆಟ್ಟಿಲು: ಮೇಸ್ತ್ರಿ ಕೆಲಸ ಹೇಗಿತ್ತು?

ಮೊದಲೇ ಅಂಕ ಹೇಳಿಬಿಡುತ್ತೇನೆ. ನಮ್ಮ ಮೋರಿಯ ಕೆಳಗೆ ಮೀನು ಹತ್ತಲು ಕಲ್ಲಿನ ಮೆಟ್ಟಿಲು ಕಟ್ಟಿಕೊಟ್ಟ ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ. ಫೋನ್ ಎತ್ತುವುದಕ್ಕೆ ಒಂದು. ಬಿಲ್‌ಗೆ ಸೊನ್ನೆ, ಯಾಕೆಂದರೆ ಬಿಲ್ ಕೊಡಲೇ ಇಲ್ಲ. ಆದರೂ ನಿಮ್ಮ ತೋಡಿನಲ್ಲಿ ಇಂಥ ಕೆಲಸ ಇದ್ದರೆ ಇವರನ್ನೇ ಕರೆಯಿರಿ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ದುಡ್ಡು ಕೊಟ್ಟು ಇದನ್ನು ಮಾಡಿಸಿದವರು ನಮ್ಮ ಸುತ್ತಮುತ್ತ ನನಗೆ ಸಿಗಲಿಲ್ಲ. "ಮೀನಿಗೆ ಮೆಟ್ಟಿಲಾ?" ಅಂತ ನಕ್ಕವರು ಮಾತ್ರ ಬೇಕಾದಷ್ಟು ಸಿಕ್ಕಿದರು.

ಮೇಸ್ತ್ರಿ ಹೆಸರು ಹಾಕುವುದಿಲ್ಲ. ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಈಗಲೇ ಕೆಲಸ ಕೈಮೀರಿ ಉಂಟಂತೆ. ಹಿರಿಯಡ್ಕ ಪೇಟೆಯಲ್ಲಿ ಕಾಡುಕಲ್ಲು ಕಟ್ಟುವ ಮೇಸ್ತ್ರಿ ಯಾರು ಅಂತ ಕೇಳಿದರೆ ರಿಕ್ಷಾದವರು ತೋರಿಸುತ್ತಾರೆ.

ನಮ್ಮದು ಹಿರಿಯಡ್ಕದಿಂದ ಒಳಗೆ, ಬೈಲಿನ ಮನೆ. ತೋಟದ ದಾರಿಗೆ ಅಡ್ಡಲಾಗಿ ಒಂದು ತೋಡು ಹರಿಯುತ್ತದೆ. ದಾರಿಯಿಂದ ಮೇಲೆ ಗದ್ದೆ, ಕೆಳಗೆ ಅಡಿಕೆ ತೋಟ. ತೋಡು ಸುತ್ತಿ ಬಳಸಿ ಸ್ವರ್ಣಾ ನದಿಗೆ ಸೇರುತ್ತದೆ. ಮಾವನವರ ಕಾಲದಲ್ಲಿ ಒಬ್ಬ ಕಂಟ್ರಾಕ್ಟರ್ ಬಂದು ಮೂರಡಿಯ ಎರಡು ಹ್ಯೂಮ್ ಪೈಪ್ ಹಾಕಿ, ಮೇಲೆ ಮಣ್ಣು ತುಂಬಿ ಮೋರಿ ಮಾಡಿಕೊಟ್ಟಿದ್ದ. ಪಿಕಪ್ ಆರಾಮಾಗಿ ಹೋಗುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಪೈಪಿನಿಂದ ರಭಸವಾಗಿ ಬೀಳುವ ಮಳೆಗಾಲದ ನೀರು ಕೆಳಗಿನ ಮಣ್ಣನ್ನು ಕೊರೆಯುತ್ತಾ ಬಂತು. ವರ್ಷ ಹೋದ ಹಾಗೆ ಪೈಪಿನ ಬಾಯಿ ಗಾಳಿಯಲ್ಲಿ ನಿಂತಿತು. ನಾನು ಟೇಪ್ ಹಿಡಿದು ಅಳೆದಾಗ ಒಂದೂವರೆ ಅಡಿ. ನಮಗೆ ಅದು ಮೊಣಕಾಲು ಎತ್ತರವೂ ಅಲ್ಲ. ಬೆರಳುದ್ದದ ಮೀನಿಗೆ ಅದು ಗೋಡೆ.

ಮುಂಗಾರಿನ ಮೊದಲ ಜೋರು ಮಳೆಗೆ ಮೀನು ಹತ್ತುವುದು ಗೊತ್ತಲ್ವಾ? ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ. ಮೊಟ್ಟೆ ಇಡುವುದಕ್ಕೆ ಅವಕ್ಕೆ ಗದ್ದೆಯ ಆಳವಿಲ್ಲದ ನೀರು ಬೇಕು. ಅಲ್ಲಿ ಸೆಳೆತ ಇಲ್ಲ, ಮರಿಗಳಿಗೆ ತಿನ್ನಲು ಹುಳುಹುಪ್ಪಟೆ ಧಾರಾಳ. ಮಳೆ ಇಳಿಯುವ ಹೊತ್ತಿಗೆ ಮರಿಗಳು ನೀರಿನ ಜೊತೆ ವಾಪಸ್ ಇಳಿಯುತ್ತವೆ. ನಮ್ಮ ಮೋರಿಯ ಬುಡದಲ್ಲಿ ಈ ಲೆಕ್ಕವೆಲ್ಲ ನಿಂತುಹೋಗಿತ್ತು. ಮುಗುಡು, ಕಿಜನ್ ಅನ್ನುವ ಸಣ್ಣ ಮೀನು ಎಲ್ಲ ಅಲ್ಲಿ ಬಂದು ರಾಶಿ ಬೀಳುತ್ತಿದ್ದವು. ಊರಿನ ಹುಡುಗರಿಗೆ ಹಬ್ಬ. ಮೀನು ಸಿಕ್ಕಿಸುವ ಬಿದಿರಿನ ಕೂಳಿ ಇಡುವ ಕಷ್ಟವೂ ಬೇಡ, ಟಾರ್ಚು ಬಿಟ್ಟು ಬುಟ್ಟಿಯಲ್ಲಿ ಮೊಗೆಯುವುದು. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಎಲ್ಲ. ಕಡಲಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಇಳಿಸಬೇಡಿ ಅಂತ ರಜೆ ಕೊಡುತ್ತಾರೆ. ನಮ್ಮ ಮೋರಿಯ ಬುಡದಲ್ಲಿ ಅದೇ ದಿನಗಳಲ್ಲಿ ಸೀಸನ್ನು!

ನಾನು ಮೀನು ತಿನ್ನುವವಳೇ. ಮುಗುಡಿನ ಗಸಿ ಅಂದರೆ ಇನ್ನೊಂದು ತಟ್ಟೆ ಅನ್ನ ಹೋಗುತ್ತದೆ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಗದ್ದೆ ಉಳುವವರು ಮುಗುಡು ಹಿಡಿದು ತಂದುಕೊಡುತ್ತಿದ್ದರು. ಮೋರಿ ಆದ ಮೇಲೆ ಒಂದೊಂದೇ ವರ್ಷ ಕಡಿಮೆಯಾಗಿ, ಕಡೆಗೆ ಗದ್ದೆಯಲ್ಲಿ ಕಪ್ಪೆ ಬಿಟ್ಟರೆ ಏನೂ ಇಲ್ಲ. ಎಲ್ಲರೂ ಗದ್ದೆಗೆ ಹಾಕುವ ಔಷಧಿಗೆ ಬೈದರು. ಅದೂ ಇರಬಹುದು. ಆದರೆ ದಾರಿಯೇ ಇಲ್ಲದಿದ್ದರೆ ಮೀನು ಬರುವುದಾದರೂ ಎಲ್ಲಿಂದ ಮಾರಾಯ್ರೆ?

ಮೋರಿಗೂ ಮೀನಿಗೂ ಸಂಬಂಧ ಉಂಟು ಅಂತ ನನ್ನ ತಲೆಗೆ ಹೋದದ್ದು ಸಿಯಾಟಲ್‌ನಲ್ಲಿ. ಮಗಳ ಬಾಣಂತನಕ್ಕೆ ಹೋಗಿದ್ದೆ. ಮಗು ಮಲಗಿದ ಮೇಲೆ ಅಳಿಯ ಅಲ್ಲಿ ಇಲ್ಲಿ ಸುತ್ತಿಸುತ್ತಿದ್ದರು. ಬಲಾರ್ಡ್ ಲಾಕ್ಸ್ ಅಂತ ಒಂದು ಜಾಗ. ಉಪ್ಪುನೀರಿನಿಂದ ಸರೋವರಕ್ಕೆ ದೋಣಿ ಹತ್ತಿಸುವ ಕಟ್ಟೆ, 1917ರದ್ದು. ಅದರ ಪಕ್ಕದಲ್ಲೇ ಮೀನಿಗೆ ಕಾಂಕ್ರೀಟಿನ ಮೆಟ್ಟಿಲು. 1976ರಲ್ಲಿ ಹೊಸದಾಗಿ ಕಟ್ಟಿ 21 ಮೆಟ್ಟಿಲು ಮಾಡಿದ್ದಾರೆ. ಗಾಜಿನ ಕಿಟಕಿಯ ಹಿಂದೆ ಕೈ ಉದ್ದದ ಸಾಲ್ಮನ್‌ಗಳು ಮೂತಿ ಮೇಲೆ ಮಾಡಿಕೊಂಡು ನಿಂತಿರುತ್ತವೆ, ಸರದಿ ಬಂದವರ ಹಾಗೆ ಒಂದೊಂದೇ ಮುಂದೆ ಹೋಗುತ್ತವೆ. ಹುಟ್ಟಿದ ತೊರೆಯ ನೀರಿನ ವಾಸನೆ ಹಿಡಿದು ಕಡಲಿನಿಂದ ವಾಪಸ್ ಬರುವ ಮೀನುಗಳು ಇವು. ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತವೆ.

ಅದಕ್ಕಿಂತ ನನಗೆ ಇಷ್ಟವಾದದ್ದು ಕಾರ್ಕೀಕ್ ಪಾರ್ಕಿನ ಪೈಪರ್ಸ್ ಕ್ರೀಕ್. ಹೆಸರಿಗೆ ಕ್ರೀಕ್, ನಮ್ಮ ತೋಡಿನಷ್ಟೇ ಅಗಲ. ಸಾಲ್ಮನ್ ಇಲ್ಲದೆ ಹೋಗಿದ್ದ ತೊರೆಗೆ ಊರಿನವರೇ ಸೇರಿ ಮರಿ ಬಿಟ್ಟು ಮತ್ತೆ ಬರಿಸಿದ್ದಾರೆ. ನವೆಂಬರ್‌ನಲ್ಲಿ ಚಮ್ ಅನ್ನುವ ಜಾತಿಯ ಸಾಲ್ಮನ್, ಕಡಲಿನಿಂದ ರೈಲು ಹಳಿಯ ಕೆಳಗಿನ ಮೋರಿಯೊಳಗೆ ನುಗ್ಗಿ ಮೇಲೆ ಬರುತ್ತವೆ. ಚಮ್ ಬೇರೆ ಸಾಲ್ಮನ್‌ಗಳ ಹಾಗೆ ಎತ್ತರಕ್ಕೆ ಹಾರುವ ಮೀನಲ್ಲ. ಬೆನ್ನು ನೀರಿನಿಂದ ಹೊರಗೆ ಕಾಣುವಷ್ಟು ತೆಳು ನೀರಿನಲ್ಲಿ, ಬಾಲ ಬಡಿದುಕೊಂಡು, ಕಲ್ಲಿನಿಂದ ಕಲ್ಲಿಗೆ ಹೋಗುತ್ತವೆ. ಜಾಕೆಟ್ ಹಾಕಿದ ಮಕ್ಕಳು ದಡದಲ್ಲಿ ನಿಂತು ನೋಡುತ್ತಿದ್ದರು. ಯಾರ ಕೈಯಲ್ಲೂ ಬುಟ್ಟಿ ಇಲ್ಲ!

ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಮೋರಿಯ ವಿಷಯ ಅಮೇರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ, ಗೊತ್ತಾ? ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳಿಗೆ 1850ರ ದಶಕದ ಒಪ್ಪಂದಗಳಲ್ಲಿ ಮೀನು ಹಿಡಿಯುವ ಹಕ್ಕು ಬರೆದುಕೊಟ್ಟಿದ್ದರು. ರಸ್ತೆಗಳ ಕೆಳಗಿನ ಮೋರಿಗಳು ಮೀನಿನ ದಾರಿ ಕಟ್ಟಿವೆ, ಮೀನೇ ಇಲ್ಲದ ಮೇಲೆ ಹಕ್ಕು ಎಂತಕ್ಕೆ ಅಂತ ಅವರು 2001ರಲ್ಲಿ ಕೇಸು ಹಾಕಿದರು. 2013ರಲ್ಲಿ ಮೋರಿ ಸರಿಮಾಡಿ ಅಂತ ರಾಜ್ಯಕ್ಕೆ ಆದೇಶ ಆಯಿತು. 2018ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ನಾಲ್ಕಕ್ಕೆ ನಾಲ್ಕು ಸಮ ಆದರು, ಹಾಗಾಗಿ ಕೆಳಗಿನ ಕೋರ್ಟಿನ ಆದೇಶ ಉಳಿಯಿತು. ಅಳಿಯ ಇದನ್ನು ಹೇಳುವಾಗ ನನಗೆ ನಮ್ಮ ಎರಡು ಪೈಪೇ ಕಣ್ಣಿಗೆ ಬರುತ್ತಿದ್ದವು.

ಊರಿಗೆ ಬಂದು ಕೆಲಸದವರನ್ನು ಹುಡುಕಿದೆ. ಮೊದಲು ಬಂದವನು ಒಬ್ಬ ಕಾಂಕ್ರೀಟ್ ಕಂಟ್ರಾಕ್ಟರ್. ಬೈಕಿನಿಂದ ಇಳಿಯದೆ, "ಫುಲ್ ಬೆಡ್ ಹಾಕಿಬಿಡುವ, ನೀಟಾಗ್ತದೆ" ಅಂದ. ಅಂದರೆ ಪೈಪಿನಿಂದ ಕೆಳಗೆ ಜಾರುಬಂಡಿ. ನಯವಾದ ಕಾಂಕ್ರೀಟಿನ ಮೇಲೆ ನೀರು ತೆಳ್ಳಗೆ ಹರಡಿ ವೇಗವಾಗಿ ಓಡುತ್ತದೆ. ಅದರಲ್ಲಿ ಮೀನಿಗೆ ಈಜಲು ಆಳ ಇಲ್ಲ, ನಿಂತು ಸುಧಾರಿಸಿಕೊಳ್ಳಲು ಮರೆ ಇಲ್ಲ. ಒಂದೂವರೆ ಅಡಿಯ ಗೋಡೆಯ ಬದಲು ಹದಿನೈದಡಿಯ ಗೋಡೆ ಆಗುತ್ತಿತ್ತು. ಅವನನ್ನು ಚಾ ಕುಡಿಸಿ ಕಳಿಸಿದೆ.

ನಮ್ಮ ಮೇಸ್ತ್ರಿ ಬಂದದ್ದು ಆಮೇಲೆ. ತೋಟಗಳಿಗೆ ಕಾಡುಕಲ್ಲಿನ ದರೆ ಕಟ್ಟುವವರು, ಬೇಸಿಗೆಗೆ ತೋಡಿಗೆ ಕಟ್ಟ ಹಾಕುವವರು. ಬಂದವರು ಅಂದಾಜು ಹೇಳಲಿಲ್ಲ. ನೇರ ತೋಡಿಗೆ ಇಳಿದು ಕೇಳಿದ ಮೊದಲ ಪ್ರಶ್ನೆ: "ಅಕ್ಕ, ನೀರು ತೀರಾ ಕಡಿಮೆ ಆದಾಗ ಯಾವ ಪೈಪಲ್ಲಿ ಹೋಗ್ತದೆ?" ಎಡಗಡೆಯದ್ದರಲ್ಲಿ ಅಂದೆ. ಅದು ಬಲಗಡೆಯದಕ್ಕಿಂತ ಸ್ವಲ್ಪ ತಗ್ಗು. "ಹಾಗಾದರೆ ಮೀನಿಗೆ ಎಡದ್ದು, ನೆರೆಗೆ ಬಲದ್ದು" ಅಂದರು. ಅಲ್ಲಿಗೆ ನನಗೆ ಸಮಾಧಾನ ಆಯಿತು, ಇವರಿಗೆ ವಿಷಯ ಗೊತ್ತುಂಟು ಅಂತ.

ಬಲಾರ್ಡಿನ ವಿಡಿಯೋ ತೋರಿಸಿದೆ. ಪೂರ್ತಿ ನೋಡಿದರು. "ಅಕ್ಕ, ಅಮೇರಿಕದ ಮೀನು ಹಾರ್ತದೆ. ನಮ್ಮ ಮುಗುಡು ಹಾರುವುದಿಲ್ಲ, ತೆವಳ್ತದೆ. ಇಷ್ಟೆತ್ತರದ ಮೆಟ್ಟಿಲು ಇದಕ್ಕೆ ಆಗ್ಲಿಕ್ಕಿಲ್ಲ" ಅಂದರು. ಸರಿಯಾದ ಮಾತೇ. ಅಲ್ಲಿ ದೊಡ್ಡ ಸಾಲ್ಮನ್‌ಗೆ ಮೋರಿಯ ಬಾಯಲ್ಲಿ ಒಂದಡಿಯವರೆಗೆ ನೀರು ಬೀಳಬಹುದು ಅಂತ ಲೆಕ್ಕ ಇಟ್ಟಿದ್ದಾರೆ, ಚಮ್‌ಗೆ ಅದಕ್ಕಿಂತ ಕಡಿಮೆ. ನಮ್ಮ ಕಿಜನ್‌ಗೆ ಒಂದಡಿ ಅಂದರೆ ಎಂತ ಕಥೆ? ಮೂರು ಇಂಚಿಗಿಂತ ಜಾಸ್ತಿ ಬೇಡ ಅಂತ ಮಾತಾಯಿತು.

ಇನ್ನು ಕೆಲಸ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮಾಡಿಸುವವರಿಗೆ ಬೇಕಾಗುತ್ತದೆ.

ಪೈಪಿನ ಬಾಯಿಂದ ಕೆಳಗೆ ತೋಡಿಗೆ ಅಡ್ಡಲಾಗಿ ಎಂಟು ಸಾಲು ಕಲ್ಲು. ಒಂದಕ್ಕೊಂದು ನಾಲ್ಕಡಿ ದೂರ, ಮೂರು ಇಂಚು ತಗ್ಗು. ಪೈಪಿನ ಬೀಳು ಒಂದೂವರೆ ಅಡಿ, ಅಂದರೆ ಆರು ಸಾಲು ಸಾಕಿತ್ತಲ್ವಾ? ಇಲ್ಲೇ ಮೇಸ್ತ್ರಿಯ ಬುದ್ಧಿ ಇರುವುದು. ಎಲ್ಲಕ್ಕಿಂತ ಮೇಲಿನ ಸಾಲನ್ನು ಪೈಪಿನ ತಳಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಕಟ್ಟಿದರು. ಹಾಗಾಗಿ ನೀರು ಹಿಂದಕ್ಕೆ ನಿಂತು ಪೈಪಿನೊಳಗೇ ಅರ್ಧ ಅಡಿ ಆಳ ಆಗುತ್ತದೆ, ಓಟ ಕಮ್ಮಿಯಾಗುತ್ತದೆ. ಮೆಟ್ಟಿಲು ಹತ್ತಿ ಬಂದ ಮೀನು ಪೈಪಿನೊಳಗೆ ಸೋತು ವಾಪಸ್ ಬಂದರೆ ಮೆಟ್ಟಿಲು ಕಟ್ಟಿ ಏನು ಪ್ರಯೋಜನ? ಮೂರಡಿ ಪೈಪಿನಲ್ಲಿ ಅರ್ಧ ಅಡಿ ಹೋದರೆ ನೆರೆಗೆ ಜಾಗ ಸಾಲುತ್ತದಾ ಅಂತ ನನಗೆ ಹೆದರಿಕೆ ಇತ್ತು. ಅದಕ್ಕೆ ಅವರು ದಾರಿಯ ಒಂದು ಬದಿಯನ್ನು ತಗ್ಗು ಮಾಡಿ ಕಲ್ಲು ಹಾಸಿಕೊಟ್ಟರು. ಪೈಪು ತುಂಬಿದರೆ ನೀರು ಅಲ್ಲಿ ದಾಟಿ ಹೋಗಲಿ, ದಾರಿ ಕೊಚ್ಚಬಾರದು ಅಂತ.

ಕಲ್ಲಿನ ವಿಷಯಕ್ಕೆ ಬಂದರೆ, ಮುರಕಲ್ಲು ಬೇಡ ಅಂದರು. ಮನೆಗೆ ಅದು ಚಂದ, ಹರಿಯುವ ನೀರಿಗೆ ಕರಿಯ ಕಾಡುಕಲ್ಲೇ ಆಗಬೇಕು. ಪ್ರತಿ ಕಲ್ಲನ್ನೂ ಮೂರರಲ್ಲಿ ಒಂದು ಪಾಲು ನೆಲಕ್ಕೆ ಇಳಿಸಿ, ಹಾರೆಯಲ್ಲಿ ಮೀಟಿ, ಪಕ್ಕದ ಕಲ್ಲಿಗೆ ಭುಜ ಕೊಟ್ಟು ನಿಲ್ಲಿಸಿದರು. ಸಿಮೆಂಟು ಬಳಸಿದ್ದು ಮೇಲಿನ ಒಂದು ಸಾಲಿಗೆ ಮಾತ್ರ, ಅದೂ ಏಪ್ರಿಲ್‌ನಲ್ಲಿ, ತೋಡು ಒಣಗಿದ್ದಾಗ. ಹಸಿ ಸಿಮೆಂಟಿನ ನೀರು ಮೀನನ್ನು ಕೊಲ್ಲುತ್ತದೆ, ಮಳೆಗೆ ಮುಂಚೆ ಚೆನ್ನಾಗಿ ಗಟ್ಟಿಯಾಗಬೇಕು. ಲೆವೆಲ್ ನೋಡಲು ಮೆಷಿನ್ ಇಲ್ಲ. ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು, ಒಂದು ತುದಿ ಮೇಸ್ತ್ರಿ ಕೈಯಲ್ಲಿ, ಇನ್ನೊಂದು ಅವರ ಮಗನ ಕೈಯಲ್ಲಿ. ಟ್ಯೂಬಿನೊಳಗೆ ಗಾಳಿ ಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ ಅಂತ ಪ್ರತಿ ಸಲವೂ ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದರು. ಮೂರು ಇಂಚು ಅಂದರೆ ಮೂರೇ ಇಂಚು. ಒಂದು ಸಾಲು ನಾಲ್ಕಾಗಿದೆ ಅಂತ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದರು. ನಾನು ಪರವಾಗಿಲ್ಲ ಬಿಡಿ ಅಂದರೂ ಕೇಳಲಿಲ್ಲ.

ಪ್ರತಿ ಸಾಲಿನಲ್ಲಿ ಒಂದು ಕಂಡಿ ಬಿಟ್ಟಿದ್ದಾರೆ, ಒಂದು ಗೇಣು ಅಗಲ. ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ. ನೀರು ಕಡಿಮೆ ಇದ್ದಾಗ ಈ ಕಂಡಿಯಲ್ಲೇ ಒಟ್ಟಾಗಿ ಹರಿಯುವುದರಿಂದ ಮೀನಿಗೆ ಆಳ ಸಿಗುತ್ತದೆ. ಸಾಲು ಸಾಲಿನ ನಡುವೆ ಗುಂಡಿ, ಅಲ್ಲಿ ಸುಧಾರಿಸಿಕೊಳ್ಳಬಹುದು. ನೀರು ಬಂದ ಮೇಲೆ ಇದನ್ನು ಪರೀಕ್ಷೆ ಮಾಡಲು ಮೇಸ್ತ್ರಿ ಹಲಸಿನ ಎಲೆ ಬಿಡುತ್ತಾರೆ. ಎಲೆ ಕಂಡಿ ದಾಟಿ ಬಂದು, ಕಲ್ಲಿನ ಹಿಂದೆ ಒಂದು ಸುತ್ತು ತಿರುಗಿ, ಆಮೇಲೆ ಮುಂದಿನ ಕಂಡಿಗೆ ಹೋಗಬೇಕು. ಸುತ್ತು ತಿರುಗದೆ ಸೀದಾ ಹೋದರೆ ಅಲ್ಲಿ ಇನ್ನೊಂದು ಕಲ್ಲು ಹಾಕಬೇಕು ಅಂತ ಅರ್ಥ.

ಈಗ ಎಡವಟ್ಟಿನ ವಿಷಯ. ಜೂನ್‌ನಲ್ಲಿ ಮೊದಲ ಮಳೆ ಬಂತು. ಕೊಡೆ ಹಿಡಿದು ಹೋಗಿ ನೋಡಿದರೆ ಮೇಲಿನ ಗುಂಡಿಯಲ್ಲಿ ನೀರುಂಟು, ಎಲ್ಲಕ್ಕಿಂತ ಕೆಳಗಿನದರಲ್ಲಿ ಉಂಟು, ನಡುವೆ ಕಂಡಿಗಳೆಲ್ಲ ಒಣ! ನೀರು ಕಲ್ಲಿನ ಮೇಲೆ ಹರಿಯುವ ಬದಲು ಕಲ್ಲಿನ ಸಂದಿಯಲ್ಲಿ ಇಳಿದು, ಅಡಿಯಿಂದಲೇ ಹೋಗುತ್ತಿತ್ತು. ದೊಡ್ಡ ಕಲ್ಲು ಮಾತ್ರ ಜೋಡಿಸಿ ಸಂದಿ ತುಂಬದಿದ್ದರೆ ಹೀಗೇ ಆಗುವುದು. ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕಡೆಗೆ ವಾಟ್ಸಾಪ್‌ನಲ್ಲಿ ವಿಡಿಯೋ ಹಾಕಿದೆ, ನೀಲಿ ಗೆರೆ ಬಂತು, ಉತ್ತರ ಇಲ್ಲ. ನನ್ನ ಗಂಡ "ದುಡ್ಡು ಕೊಟ್ಟಾಯಿತಲ್ಲ, ಇನ್ನು ಬರ್ತಾರಾ" ಅಂತ ರಾಗ ಶುರು ಮಾಡಿದರು.

ಬೆಳಿಗ್ಗೆ ಏಳು ಗಂಟೆಗೆ ಮೇಸ್ತ್ರಿ, ಮಗ, ಒಂದು ಹಾರೆ, ಎರಡು ಬುಟ್ಟಿ ಅಂಗಳದಲ್ಲಿ. ಮಳೆ ಸುರಿಯುತ್ತಲೇ ಇತ್ತು, ಗೊರಬು ಹಾಕಿಕೊಂಡು ಬಂದಿದ್ದರು. ಸಂದಿಗಳಿಗೆ ಮೊದಲು ಜಲ್ಲಿ, ಮೇಲೆ ಹೊಯ್ಗೆ, ಕಡೆಗೆ ಗದ್ದೆಯ ಅಂಟುಮಣ್ಣು. ಕಾಲಲ್ಲಿ ತುಳಿದು ತುಳಿದು ಜಡಿದರು. ಮಧ್ಯಾಹ್ನದ ಹೊತ್ತಿಗೆ ನೀರು ಕಂಡಿಗೆ ಹತ್ತಿತು. ಊಟ ಮಾಡಿ ಹೋದರು. ಇನ್ನು ಎಷ್ಟು ಅಂತ ಕೇಳಿದರೆ, "ಇದು ಹೊಸ ಕೆಲಸ ಅಲ್ಲ ಅಕ್ಕ, ಅದೇ ಕೆಲಸದ ಬಾಕಿ" ಅಂದರು. ಜುಲೈನ ದೊಡ್ಡ ನೆರೆ ಇಳಿದ ಮೇಲೆ ಮತ್ತೆ ತಾವಾಗಿಯೇ ಬಂದು, ಸರಿದಿದ್ದ ಎರಡು ಕಲ್ಲು ಕೂರಿಸಿ ಹೋದರು. ನಾನು ನಾಲ್ಕೂವರೆ ಅಂಕ ಕೊಟ್ಟದ್ದು ಕಟ್ಟಿದ್ದಕ್ಕಿಂತ ಜಾಸ್ತಿ ಇದಕ್ಕೆ. ಬೇಸಿಗೆಯಲ್ಲಿ ಕಟ್ಟಿ ಕೈತೊಳೆದುಕೊಳ್ಳುವವರಿಗೆ ಈ ಕೆಲಸ ಕೊಡಬೇಡಿ, ಎಷ್ಟು ಕಡಿಮೆ ರೇಟಿಗೆ ಮಾಡಿಕೊಟ್ಟರೂ ನಷ್ಟ. ಮಳೆಯಲ್ಲಿ ಬಂದು ನೋಡುವವರು ಬೇಕು. ಅರ್ಧ ಅಂಕ ಕಡಿದದ್ದು ತೋಡಿನಲ್ಲೇ ಬಿಟ್ಟುಹೋದ ಸಿಮೆಂಟು ಚೀಲಗಳಿಗೆ. ಹೆಕ್ಕಿದ್ದು ನಾನು.

ಮೀನು ಹತ್ತಿತಾ? ಹತ್ತಿತು. ಸಂದಿ ತುಂಬಿಸಿದ ನಂತರದ ಜೋರು ಮಳೆಯ ರಾತ್ರಿ ಟಾರ್ಚು ಹಿಡಿದು ಹೋಗಿದ್ದೆವು. ಮೂರನೇ ಗುಂಡಿಯಲ್ಲಿ ಕಲ್ಲಿನ ಮರೆಗೆ ಕಿಜನ್‌ಗಳು ಒತ್ತಾಗಿ ನಿಂತಿದ್ದವು, ಎಲ್ಲದರ ಮೂತಿಯೂ ಕಂಡಿಯ ಕಡೆಗೆ. ಒಂದು ಹೊರಟು, ಬಾಲ ಬಡಿದು, ಅರ್ಧದಲ್ಲಿ ಸೋತು ಹಿಂದೆ ಬಂತು. ಸ್ವಲ್ಪ ಹೊತ್ತು ನಿಂತು ಮತ್ತೆ ಹೊರಟಿತು, ದಾಟಿತು. ಮುಗುಡಿಗೆ ಕಂಡಿಯ ಹಂಗೇ ಇಲ್ಲ. ಗಾಳಿಯಲ್ಲೂ ಉಸಿರಾಡುವ ಮೀನು ಅದು, ಬದಿಯ ಒದ್ದೆ ಕಲ್ಲಿನ ಮೇಲೆಯೇ ಕೊಸರಾಡಿಕೊಂಡು ಹೋಯಿತು. ಅದನ್ನು ನೋಡಿ ನಮ್ಮವರ ರಾಗ ನಿಂತಿತು. ಆಗಸ್ಟ್‌ನಲ್ಲಿ ಮೇಲಿನ ಗದ್ದೆಯ ಬದುವಿನ ಬಳಿ ಮರಿಗಳ ಹಿಂಡು ಕಂಡಿತು. ಯಾವ ಮೀನಿನ ಮರಿ ಅಂತ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಬೆಳ್ಳಕ್ಕಿಗಳು ಮಾತ್ರ ಮೊದಲೇ ಪತ್ತೆ ಹಚ್ಚಿದ್ದವು.

ಹುಡುಗರ ಕಡೆಯಿಂದ ಮುನಿಸು ಬಂತು. ಅವರ ಮೀನಿನ ಜಾಗ ಹೋಯಿತಲ್ಲ! ಒಬ್ಬ ಕಂಡಿಗೇ ಕೂಳಿ ಇಟ್ಟಿದ್ದ, ಎಂಥ ಸುಲಭ ನೋಡಿ. ಅವನ ಅಮ್ಮನಿಗೆ ಹೇಳಿದೆ, ತೆಗೆಸಿದಳು. ಈಗ ಒಪ್ಪಂದ ಏನೆಂದರೆ, ಹತ್ತುವಾಗ ಮೋರಿಯ ಹತ್ತಿರ ಯಾರೂ ಹಿಡಿಯುವುದಿಲ್ಲ, ಮಳೆ ಇಳಿದ ಮೇಲೆ ಕೆಳಗಿನ ಗುಂಡಿಯಲ್ಲಿ ಗಾಳ ಹಾಕಲು ನನ್ನ ಅಡ್ಡಿ ಇಲ್ಲ. ಎಷ್ಟು ದಿನ ನಡೆಯುತ್ತದೋ ನೋಡುವ.

ಖರ್ಚು ಎಲ್ಲ ಸೇರಿ 38,000 ರೂಪಾಯಿ ಆಯಿತು. ದೊಡ್ಡ ಪಾಲು ಕಲ್ಲಿನ ಲೋಡಿಗೆ ಮತ್ತು ಅದನ್ನು ಇಳಿಸಲು ಬಂದ ಜೆಸಿಬಿಗೆ. ಮೇಸ್ತ್ರಿ ಸಂಬಳ ಊರಿನ ರೇಟೇ. ಕಾಂಕ್ರೀಟ್ ಬೆಡ್‌ನವನು ಇದಕ್ಕಿಂತ ಜಾಸ್ತಿ ಹೇಳಿದ್ದ. ಲೆಕ್ಕವನ್ನು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟಿದ್ದಾರೆ, ಅದನ್ನೇ ಬಿಲ್ ಅಂತ ತಿಳಿಯಬೇಕು.

ಒಂದು ಮಿತಿ ಹೇಳಬೇಕು. ಇದು ನಮ್ಮ ಮೋರಿಗೆ ಮಾತ್ರ ಆದ ಪರಿಹಾರ. ತೋಡಿನಲ್ಲಿ ಇನ್ನೂ ಕೆಳಗೆ ಒಂದು ಕಿಂಡಿ ಅಣೆಕಟ್ಟು ಉಂಟು. ಮಳೆಗಾಲದಲ್ಲಿ ಹಲಗೆ ತೆಗೆದಿರುತ್ತಾರೆ, ಹಾಗಾಗಿ ಹತ್ತುವ ಸಮಯಕ್ಕೆ ಕಿಂಡಿ ತೆರೆದೇ ಇರುತ್ತದೆ. ತೊಂದರೆ ಇರುವುದು ಕಿಂಡಿಯ ಕೆಳಗಿನ ಕಾಂಕ್ರೀಟ್ ಹಾಸಿನಲ್ಲಿ. ಅಲ್ಲಿಯೂ ತೆಳು ನೀರು, ತುದಿಯಲ್ಲಿ ಬೀಳು. ಜೋರು ಮಳೆಗೆ ಕೆಳಗಿನ ನೀರು ಏರಿ ಹಾಸು ಮುಳುಗಿದಾಗ ಮಾತ್ರ ಮೀನು ದಾಟುತ್ತದೆ. ಮೇಸ್ತ್ರಿ ಅಲ್ಲಿಯೂ ಒಂದು ಸುತ್ತು ನೋಡಿ ಬಂದಿದ್ದಾರೆ. ಹಾಸಿನ ತುದಿಗೆ ನಾಲ್ಕು ಸಾಲು ಕಲ್ಲು ಸಾಕು ಅನ್ನುತ್ತಾರೆ. ಆದರೆ ಅದು ಸರ್ಕಾರದ್ದು, ನಾವು ಸುಮ್ನೆ ಹೋಗಿ ಕಲ್ಲು ಹಾಕುವ ಹಾಗಿಲ್ಲ. ಅರ್ಜಿ ಬರೆದು ಕೊಟ್ಟಿದ್ದೇನೆ, ಜೊತೆಗೆ ನಮ್ಮ ಮೋರಿಯ ಫೋಟೋ.

ಮಾಡಿಸುವವರು ಮಾರ್ಚ್‌ನಲ್ಲೇ ಮೇಸ್ತ್ರಿಗೆ ಹೇಳಿಡಿ. ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದರೆ ಅವರು ದರೆ ಕೆಲಸಕ್ಕೆ ಸಿಕ್ಕಿಬೀಳುತ್ತಾರೆ, ಆಮೇಲೆ ಸಿಗುವುದಿಲ್ಲ. ತೋಡು ಯಾರ ಜಾಗದಲ್ಲಿ ಹೋಗುತ್ತದೆ ಅಂತ ನೋಡಿ, ಪಂಚಾಯತ್‌ನಲ್ಲೂ ಕೆಳಗಿನ ಜಾಗದವರಲ್ಲೂ ಮೊದಲೇ ಕೇಳಿಕೊಳ್ಳಿ. ಕಲ್ಲು ನೀವೇ ತರಿಸಿ, ಅವರಿಗೆ ಬಿಟ್ಟರೆ ಲೋಡು ಬರಲು ತಡವಾಗುತ್ತದೆ. ಜಲ್ಲಿ, ಹೊಯ್ಗೆಯನ್ನು ಕಲ್ಲಿನ ಜೊತೆಗೇ ಹೇಳಿ, ಮೊದಲ ಸಲವೇ ಸಂದಿ ತುಂಬಿಸಿ ಅಂತ ಒತ್ತಾಯ ಮಾಡಿ. ಫೋನ್ ಮಾಡಬೇಡಿ, ಸಂಜೆ ಮನೆಗೇ ಹೋಗಿ. ಮನೆಯವರ ಹತ್ತಿರ ಹೇಳಿ ಬಂದರೆ ಬೆಳಿಗ್ಗೆ ಬರುತ್ತಾರೆ.